ಕರುಗಳಿಗೆಂದು ಬಿಟ್ಟ ನೆಲ, ಊರಿಗೆ ಉಳಿದ ಹಸಿರು

ಬೆಳಗಾವಿಯ ಟಿಳಕವಾಡಿಯಲ್ಲಿ ಬೆಳ್ಳಂಬೆಳಗ್ಗೆ ವಾಕಿಂಗ್‌ಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ, ಅನೇಕರು ವ್ಯಾಕ್ಸಿನ್ ಡಿಪೊ ಎನ್ನುತ್ತಾರೆ. ಇಷ್ಟು ಮರಗಳಿರುವ ಜಾಗಕ್ಕೆ ಇದೆಂಥ ಹೆಸರು ಎಂದು ಹೊಸಬರಿಗೆ ಅನಿಸುವುದು ಸಹಜ. ಆದರೆ ಈ ಹಸಿರು ಹೇಗೆ ಉಳಿಯಿತು ಎಂಬುದಕ್ಕೆ ಉತ್ತರ ಆ ಹೆಸರಿನಲ್ಲೇ ಇದೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ, ಬೆಳಗಾವಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದಾಗ, ಸಿಡುಬಿನ ಲಸಿಕೆ ತಯಾರಿಸಲು ಇಲ್ಲಿ ಸಂಸ್ಥೆ ಆರಂಭವಾಯಿತು. ಆಗ ಲಸಿಕೆ ಬೆಳೆಯುತ್ತಿದ್ದದ್ದು ಕರುಗಳ ಮೈಮೇಲೆ. ಕರುವಿನ ಕೂದಲು ಬೋಳಿಸಿ, ಚರ್ಮವನ್ನು ಸಣ್ಣಗೆ ಗೀರಿ, ಅದರ ಮೇಲೆ ಲಸಿಕೆಯ ದ್ರವ ಸವರುತ್ತಿದ್ದರು. ಕೆಲವು ದಿನಗಳಲ್ಲಿ ಗುಳ್ಳೆ ಏಳುತ್ತಿದ್ದವು. ಅವುಗಳನ್ನು ಕೆರೆದು ತೆಗೆದದ್ದೇ ಮುಂದಿನ ಲಸಿಕೆ. ಸೆಕೆಗೆ ಅದು ಬೇಗ ಕೆಡುತ್ತಿತ್ತು. ಬೆಳಗಾವಿಯ ತಂಪು ಹವೆ ಅದಕ್ಕೆ ಹೊಂದುವಂಥದ್ದು. ಕರುಗಳಿದ್ದ ಮೇಲೆ ಕೊಟ್ಟಿಗೆ, ಮೇವು, ನೀರು, ಸುತ್ತ ಬಯಲು ಎಲ್ಲವೂ ಬೇಕು. ಊರು ಬೆಳೆದು ಈ ಆವರಣವನ್ನು ಸುತ್ತುವರಿದರೂ ಒಳಗಿನ ನೆಲ ನಿವೇಶನಗಳಾಗಿ ಒಡೆಯಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ಲಸಿಕೆಯ ಕೆಲಸ ಮುಗಿಯಿತು, ಮರಗಳು ಉಳಿದವು.

ಇದೇ ಟಿಳಕವಾಡಿಯಲ್ಲಿ ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿನ ಬಯಲಿನಲ್ಲಿ. ಅಧಿವೇಶನದ ನಗರಕ್ಕೆ ವಿಜಯನಗರವೆಂದೂ, ಬಂದವರ ಬಾಯಾರಿಕೆಗೆ ತೋಡಿಸಿದ ಬಾವಿಗೆ ಪಂಪಾ ಸರೋವರವೆಂದೂ ಹೆಸರಿಟ್ಟಿದ್ದರು. ಆ ವಿಶಾಲ ಬಯಲಿನಲ್ಲಿ ಇಂದು ಕಾಂಗ್ರೆಸ್ ಬಾವಿ, ಅಧಿವೇಶನದ ಸ್ಮಾರಕವಾದ ವೀರಸೌಧ ಮತ್ತು ರಸ್ತೆಯೊಂದರ ಹೆಸರು ಮಾತ್ರ ಉಳಿದಿವೆ. ಮಿಕ್ಕದ್ದೆಲ್ಲ ಮನೆಗಳಾದವು. ಅಷ್ಟು ದೊಡ್ಡ ಚರಿತ್ರೆ ನಡೆದ ನೆಲವನ್ನು ಇನ್ನಷ್ಟು ಉಳಿಸಿಕೊಳ್ಳಬಹುದಿತ್ತು ಎಂದು ಬಾವಿಕಟ್ಟೆಯ ಬಳಿ ನಿಂತಾಗಲೆಲ್ಲ ನನ್ನ ಮನಸ್ಸು ಮುದುಡುತ್ತದೆ.

2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲೇ ಬೆಳಗಾವಿ ಸೇರಿತು. ಮುಂದೆ ಡಿಪೊದ ಆವರಣದಲ್ಲೂ ಕಾಮಗಾರಿ ಆರಂಭವಾದಾಗ ಪರಿಸರಪ್ರಿಯರು ಎದುರು ನಿಂತರು. ನನ್ನ ಮನಸ್ಸು ಅವರ ಕಡೆಗಿದೆ. ನೂರು ವರ್ಷದ ಮರದ ಬುಡಕ್ಕೆ ಸಿಮೆಂಟ್ ಹಾಸಿದರೆ ಮಳೆನೀರು ಬೇರಿಗೆ ಇಳಿಯುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ ಕರ್ನಾಟಕ 1985ರಲ್ಲೇ ಕಾಯ್ದೆ ಮಾಡಿದೆ. ಅಂಥ ಜಾಗಗಳನ್ನು ಪಟ್ಟಿ ಮಾಡುವ ಹೊಣೆ ಸ್ಥಳೀಯ ಸಂಸ್ಥೆಗಳದು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ, ಅದು ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. ದಾವೆ ಹೂಡಿದವರು ಅಲ್ಲಿಯ ನಿವಾಸಿಗಳೇ. ಅವರ ಕೈಯಲ್ಲಿ ಬಡಾವಣೆಯ ನಕ್ಷೆಯಿತ್ತು, ಅದರಲ್ಲಿ ಉದ್ಯಾನವೆಂದು ಬರೆದಿತ್ತು. ನಮ್ಮ ಡಿಪೊ ಹುಟ್ಟಿದ್ದು ಉದ್ಯಾನವಾಗಿ ಅಲ್ಲ, ಲಸಿಕೆಗಾಗಿ. ಆದ್ದರಿಂದ ಇಲ್ಲಿ ನಡೆದಾಡುವ ನಾವು ಪಾಲಿಕೆಗೆ ಹೋಗಿ ಮೊದಲು ಕೇಳಬೇಕಾದದ್ದು, 1985ರ ಕಾಯ್ದೆಯ ಪಟ್ಟಿಯಲ್ಲಿ ಡಿಪೊದ ಹೆಸರು ಇದೆಯೇ ಎಂದು.