ಸೂರ್ಯನ ಕಣ್ಣು: ಅಂಗಳದ ದಿಬ್ಬದಿಂದ ಕಂಚಿನವರೆಗೆ

ಆಗ್ನೇಯ ನೈಜೀರಿಯಾದ ಇಗ್ಬೊ ಭಾಷೆಯಲ್ಲಿ 'ಅನ್ಯಾ' ಎಂದರೆ ಕಣ್ಣು, 'ಅನ್ವು' ಎಂದರೆ ಸೂರ್ಯ. ಎರಡೂ ಸೇರಿ 'ಅನ್ಯಾನ್ವು'. ದಿನಬಳಕೆಯಲ್ಲಿ ಸೂರ್ಯನಿಗೂ ಅದೇ ಹೆಸರು, ಸೂರ್ಯದೇವರಿಗೂ ಅದೇ.

ಇಗ್ಬೊ ನಾಡಿನ ಉತ್ತರ ಭಾಗದ ನ್ಸುಕ್ಕಾ ಕಡೆ ಈ ದೇವರಿಗೆ ದೊಡ್ಡ ಗುಡಿ ಇರಲಿಲ್ಲ. ಮನೆಯಂಗಳದಲ್ಲಿ ಮಣ್ಣಿನ ಒಂದು ಸಣ್ಣ ದಿಬ್ಬ, ಅಷ್ಟೇ. ಮನೆಯ ಯಜಮಾನ ಅಲ್ಲಿ ಕೋಲಾ ಕಾಯಿ ಮುರಿದಿಟ್ಟು, ಆಗಾಗ ಕೋಳಿ ಕೊಟ್ಟು, ಮನೆಮಂದಿಗೆ ಒಳ್ಳೆಯದಾಗಲಿ ಎಂದು ಬೇಡುತ್ತಿದ್ದ. ದೇವರೇ ದಿನವೂ ತಲೆಯ ಮೇಲೆ ಬರುವಾಗ ಗೋಪುರ ಯಾಕೆ ಬೇಕು, ಅಲ್ವಾ?

ನ್ರಿ ಎಂಬ ಹಳೆಯ ಧರ್ಮಕೇಂದ್ರದಲ್ಲಿ ಸೂರ್ಯನ ನಂಟು ಮೈಮೇಲೇ ಇತ್ತು. ಅಲ್ಲಿನ ಗಣ್ಯರು ಹಣೆಯ ಮೇಲೆ 'ಇಚಿ' ಎಂಬ ಗೀರುಗಳನ್ನು ಕೊಯ್ಸಿಕೊಳ್ಳುತ್ತಿದ್ದರು. ಅವು ಸೂರ್ಯನ ಕಿರಣಗಳು ಎನ್ನುವ ವಿವರಣೆಯಿದೆ. ನ್ರಿಯ ನಂಬಿಕೆಯಲ್ಲಿ ಅನ್ಯಾನ್ವು ಬೇರೆ ದೇವರಲ್ಲ, ಎಲ್ಲರಿಗಿಂತ ಮೇಲಿನ ಚುಕ್ವುವಿನದೇ ಒಂದು ಮುಖ. ಬೇರೆ ಊರುಗಳಲ್ಲಿ ಅದು ಚುಕ್ವುವಿನ ಮಗ, ಇಲ್ಲವೇ ಬೇಡಿಕೆಗಳನ್ನು ಮೇಲಕ್ಕೆ ಮುಟ್ಟಿಸುವ ದೂತ. ಇಡೀ ಇಗ್ಬೊ ನಾಡಿಗೆ ಒಬ್ಬ ರಾಜ, ಒಂದು ಗ್ರಂಥ ಇರಲಿಲ್ಲವಲ್ಲ, ಹಾಗಾಗಿ ಊರಿಗೊಂದು ಮಾತು. ಇದರಲ್ಲಿ ಒಂದನ್ನೇ ಸರಿ ಎಂದು ಆರಿಸುವುದು ಸುಮ್ನೆ ಹಟ ಅಂತ ನನಗನಿಸುತ್ತದೆ.

ಆದರೆ ಮಿಷನರಿಗಳು ಆರಿಸಲೇಬೇಕಾಯಿತು. 1857ರಲ್ಲಿ ನೈಜರ್ ನದಿ ದಡದ ಇಗ್ಬೊ ಪಟ್ಟಣ ಒನಿಟ್ಶಾಕ್ಕೆ ಆಂಗ್ಲಿಕನ್ ಮಿಷನ್ ಬಂತು, 1885ರಲ್ಲಿ ಕ್ಯಾಥೊಲಿಕರು. ಬೈಬಲಿನ ದೇವರಿಗೆ ಇಗ್ಬೊ ಹೆಸರು ಬೇಕಿತ್ತು. ಚುಕ್ವು, ಚಿನೆಕೆ ಎಂಬ ಹೆಸರುಗಳು ಚರ್ಚಿನೊಳಗೆ ಹೋದವು. ಅನ್ಯಾನ್ವು ಮಾತ್ರ ವಿಗ್ರಹಪೂಜೆಯ ಲೆಕ್ಕಕ್ಕೆ ಸೇರಿ ಹೊರಗೇ ಉಳಿಯಿತು. 1911ರಲ್ಲಿ ಬ್ರಿಟಿಷರು ನ್ರಿಯ ರಾಜ ಒಬಾಲಿಕೆಯ ಧಾರ್ಮಿಕ ಅಧಿಕಾರವನ್ನೂ ಬಿಡಿಸಿದರು. ಅಂಗಳದ ದಿಬ್ಬಗಳು ಒಂದೊಂದಾಗಿ ಕರಗಿದವು.

ಹೀಗೆ ಮರೆಯಾಗುತ್ತಿದ್ದ ಹೆಸರನ್ನು ಎತ್ತಿಕೊಂಡವರು ಒನಿಟ್ಶಾ ಮೂಲದ ಶಿಲ್ಪಿ ಬೆನ್ ಎನ್ವೊನ್ವು. 1954–55ರಲ್ಲಿ ಲಾಗೋಸ್ ಮ್ಯೂಸಿಯಮ್ಮಿಗಾಗಿ ಅವರು 'ಅನ್ಯಾನ್ವು' ಎಂಬ ಕಂಚಿನ ಪ್ರತಿಮೆ ಮಾಡಿದರು. ತೆಳ್ಳಗೆ, ಬಾಗಿ ಮೇಲೇಳುತ್ತಿರುವ ಹೆಂಗಸು. ತಲೆಯ ಮೇಲೆ ಬೆನಿನ್ ರಾಜಮನೆತನದ ಹವಳದ ತೊಡುಗೆ. ಈ ಬೆನಿನ್ ನೈಜೀರಿಯಾದೊಳಗಿನ ಹಳೆಯ ರಾಜ್ಯ, ಇಗ್ಬೊಗಳ ನಾಡಲ್ಲ, ಎಡೊ ಜನರದು. ಎನ್ವೊನ್ವು ಎರಡನ್ನೂ ಬೇಕೆಂದೇ ಬೆಸೆದರು. ಏಳುತ್ತಿರುವ ದೇಶವನ್ನು ತೋರಿಸುವುದು ಅವರ ಗುರಿಯಾಗಿತ್ತು. ಸ್ವಾತಂತ್ರ್ಯ ಬಂದದ್ದು 1960ರಲ್ಲಿ. 1966ರಲ್ಲಿ ನೈಜೀರಿಯಾ ಸರ್ಕಾರ ಅದೇ ಪ್ರತಿಮೆಯ ಇನ್ನೊಂದು ಎರಕವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಕೊಟ್ಟಿತು.

ಮರುವರ್ಷವೇ ಆ ದೇಶ ಒಡೆಯಿತು. ಇಗ್ಬೊಗಳೇ ಹೆಚ್ಚಿದ್ದ ಪೂರ್ವ ಭಾಗ ಬಿಯಾಫ್ರಾ ಎಂಬ ಹೆಸರಿನಲ್ಲಿ ಬೇರೆಯಾಯಿತು. ಅದರ ಬಾವುಟದಲ್ಲಿದ್ದದ್ದು ಅರ್ಧ ಮೂಡಿದ ಸೂರ್ಯ. ಅದು ಅನ್ಯಾನ್ವುವೇ ಎಂದು ಹೇಳಿದರೆ ಎಳೆದು ತಂದಂತಾಗುತ್ತದೆ, ಅಲ್ಲಿ ಅದು ಒಳ್ಳೆಯ ನಾಳೆಯ ಗುರುತು ಅಷ್ಟೇ. 1970ರ ಜನವರಿಯಲ್ಲಿ ಬಿಯಾಫ್ರಾ ಶರಣಾಯಿತು.

ಇಂದು ಇಗ್ಬೊಗಳಲ್ಲಿ ಜಾಸ್ತಿ ಜನ ಕ್ರೈಸ್ತರು. ಆದರೂ ಅನ್ಯಾನ್ವು ಅವರಲ್ಲಿ ಸಾಮಾನ್ಯವಾಗಿ ಸಿಗುವ ಮನೆತನದ ಹೆಸರು. ಆ ಹೆಸರಿನ ಪಾದ್ರಿಗಳೂ ಇದ್ದಾರೆ.