403 ಬಂದರೆ ಮೊದಲು ಕೋಡ್ ನೋಡಬೇಡಿ

"ಲ್ಯಾಪ್‌ಟಾಪ್‌ನಲ್ಲಿ ಫೈಲ್ ಸಲೀಸಾಗಿ ಇಳಿಯುತ್ತೆ, ಸರ್ವರ್‌ನಲ್ಲಿ ಮಾತ್ರ 403." 403 ಅಂದರೆ ಕೇಳಿದ್ದನ್ನು ಕೊಡಲು ನಿರಾಕರಿಸುವ ಎರರ್ ಸಂಖ್ಯೆ. ಈ ದೂರು ಹೊತ್ತು ಬರುವವರು ಮೊದಲು ಕೋಡ್ ತೋರಿಸುತ್ತಾರೆ. ನಾನು ಅದನ್ನು ಪಕ್ಕಕ್ಕಿಡುತ್ತೇನೆ. ಅಮೆಜಾನ್‌ನ ಕ್ಲೌಡ್ ಫೈಲ್ ಸಂಗ್ರಹವಾದ ಎಸ್3ಯಿಂದ ಫೈಲ್ ಇಳಿಸಲು ಪೈಥಾನ್‌ನ ಬೋಟೋ3 ಲೈಬ್ರರಿಯಲ್ಲಿ ಒಂದೇ ಸಾಲು ಸಾಕು. ಅದರಲ್ಲಿ ಎಡವಲು ಜಾಗ ಕಡಿಮೆ. ನಾನು ಕೇಳುವುದು ಬೇರೆ: ಆ ಸಾಲು ಯಾರ ಹೆಸರಿನಲ್ಲಿ ಓಡುತ್ತಿದೆ?

ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಕೋಡ್‌ನಲ್ಲಿ ಕೀ (ನೀವು ಯಾರೆಂದು ಸಾಬೀತುಪಡಿಸುವ ಗುಪ್ತ ಸಂಕೇತ) ಕೊಡದಿದ್ದರೆ ಲೈಬ್ರರಿ ತಾನೇ ಹುಡುಕಿಕೊಳ್ಳುತ್ತದೆ. ಮೊದಲು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮ್‌ಗೆ ಹೊರಗಿನಿಂದ ಸಿಗುವ ಸೆಟ್ಟಿಂಗ್), ಆಮೇಲೆ ಹೋಮ್ ಫೋಲ್ಡರ್‌ನಲ್ಲಿರುವ ಕ್ರೆಡೆನ್ಶಿಯಲ್ಸ್ ಫೈಲ್, ಕೊನೆಗೆ ಸರ್ವರ್‌ಗೆ ಕೊಟ್ಟ ರೋಲ್, ಅಂದರೆ ತಾತ್ಕಾಲಿಕ ಕೀ ಒದಗಿಸುವ ಗುರುತು. ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಸರ್ವರ್‌ನಲ್ಲಿ ಯಾರೋ ಎಂದೋ ಇಟ್ಟು ಮರೆತ ವೇರಿಯಬಲ್ ಇದ್ದರೆ ಮುಗಿಯಿತು. ರೋಲ್ ಸರಿಯಾಗೇ ಇರುತ್ತದೆ, ಅದರ ಸರದಿಯೇ ಬರುವುದಿಲ್ಲ. ಗೂಗಲ್ ಕ್ಲೌಡ್, ಅಜೂರ್ ಲೈಬ್ರರಿಗಳದ್ದೂ ಇಂಥದೇ ಹುಡುಕಾಟ, ವಿವರಗಳು ಬೇರೆ.

ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ 'ಗೆಟ್ ಕಾಲರ್ ಐಡೆಂಟಿಟಿ' ಎಂಬ ಕರೆ ಇದೆ. ನೀವು ಯಾರೆಂದು ಅದೇ ಹೇಳುತ್ತದೆ, ಅದಕ್ಕೆ ಪ್ರತ್ಯೇಕ ಅನುಮತಿಯೂ ಬೇಡ. ಆದರೆ ಅದನ್ನು ಟರ್ಮಿನಲ್‌ನಲ್ಲಿ ಓಡಿಸಿ ಸಮಾಧಾನ ಪಡಬೇಡಿ. ನಿಮ್ಮ ಟರ್ಮಿನಲ್‌ಗೆ ಕಾಣುವುದೆಲ್ಲ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗೆ ಕಾಣಬೇಕೆಂದಿಲ್ಲ ಅಲ್ವಾ? ಆ ಪ್ರೋಗ್ರಾಮ್‌ನೊಳಗಿಂದಲೇ ಕರೆದು ನೋಡಿ.

403 ಅಂದರೆ ಅನುಮತಿ ಇಲ್ಲ ಎಂದೇ ಅಲ್ಲ. ಬಕೆಟ್‌ನ (ಎಸ್3ಯಲ್ಲಿ ಫೈಲ್‌ಗಳನ್ನು ಇಡುವ ಜಾಗ) ಪಟ್ಟಿ ನೋಡುವ ಹಕ್ಕು ನಿಮಗಿಲ್ಲದಿದ್ದರೆ, ಇಲ್ಲದ ಫೈಲ್ ಕೇಳಿದಾಗಲೂ ಎಸ್3 404 (ಫೈಲ್ ಸಿಗಲಿಲ್ಲ) ಕೊಡುವುದಿಲ್ಲ, 403 ಕೊಡುತ್ತದೆ. ಯಾವ ಹೆಸರಿನ ಫೈಲ್ ಇದೆ, ಯಾವುದು ಇಲ್ಲ ಎಂದು ಹೊರಗಿನವರು ತಿಳಿಯದಿರಲಿ ಅಂತ. ಒಮ್ಮೆ ಅರ್ಧ ದಿನ ಪಾಲಿಸಿ (ಅನುಮತಿಯ ನಿಯಮಗಳು) ತಿದ್ದುತ್ತ ಕೂತಿದ್ದೆ. ಕೊನೆಗೆ ನೋಡಿದರೆ ಫೈಲ್ ಹೆಸರಿನಲ್ಲಿ ಒಂದು ದೊಡ್ಡಕ್ಷರದ ತಪ್ಪು! ಸರ್ವರ್‌ನ ಗಡಿಯಾರ 15 ನಿಮಿಷಕ್ಕಿಂತ ಜಾಸ್ತಿ ಹಿಂದೆಮುಂದೆ ಆದರೂ 403 ಬರುತ್ತದೆ. ಆಗ ಎರರ್ ಸಂದೇಶದಲ್ಲೇ ಕಾರಣ ಇರುತ್ತದೆ. ಅದನ್ನು ಪೂರ್ತಿ ಓದುವವರು ಕಡಿಮೆ.

ಕೀ ಕೊಡದೆ ಹೊರಗಿನವರಿಗೆ ಫೈಲ್ ಕೊಡಬೇಕಾದರೆ ಪ್ರೀಸೈನ್ಡ್ ಲಿಂಕ್ ಇದೆ, ಅಂದರೆ ನಿಮ್ಮ ಕೀಯಿಂದ ಮೊದಲೇ ಸಹಿ ಮಾಡಿದ ಲಿಂಕ್. ಅದಕ್ಕೆ ಗರಿಷ್ಠ 7 ದಿನ ಆಯಸ್ಸು ಕೊಡಬಹುದು. ಆದರೆ ರೋಲ್‌ನ ತಾತ್ಕಾಲಿಕ ಕೀಯಿಂದ ಮಾಡಿದ ಲಿಂಕ್ ಆ ಕೀ ಜೊತೆಗೇ ಸಾಯುತ್ತದೆ, ನೀವು 7 ದಿನ ಅಂತ ಬರೆದಿದ್ದರೂ. ನಾನು ವಾರಕ್ಕೆಂದು ಕೊಟ್ಟ ಲಿಂಕ್ ಅದೇ ರಾತ್ರಿ ಸತ್ತಾಗಲೇ ಇದು ತಲೆಗೆ ಹೋಗಿದ್ದು.

ಇನ್ನೊಂದು ಸೂಕ್ಷ್ಮ. ದೊಡ್ಡ ಫೈಲ್ ಇಳಿಯುತ್ತಿರುವಾಗ ಲಿಂಕ್‌ನ ಅವಧಿ ಮುಗಿದರೂ ಎಸ್3 ನಡುವೆ ನಿಲ್ಲಿಸುವುದಿಲ್ಲ, ಕೇಳಿದ ಹೊತ್ತಿನಲ್ಲಷ್ಟೇ ಪರೀಕ್ಷಿಸುತ್ತದೆ. ಸಂಪರ್ಕ ತುಂಡಾಗಿ ಮತ್ತೆ ಕೇಳಿದಿರೋ, ಆಗ 403. ಅದೇ ಹಳೆಯ ಲಿಂಕ್ ಹಿಡಿದು ಹತ್ತು ಸಲ ಬಾಗಿಲು ತಟ್ಟುವ ರೀಟ್ರೈ ಕೋಡ್ ಬಹಳ ನೋಡಿದ್ದೇನೆ. ಮೊದಲು ಹೊಸ ಲಿಂಕ್ ಪಡೆಯಿರಿ, ಆಮೇಲೆ ಎಲ್ಲಿಂದ ಬೇಕೆಂದು ಹೇಳುವ ರೇಂಜ್ ಹೆಡರ್ ಹಾಕಿ ಉಳಿದ ಭಾಗವನ್ನಷ್ಟೇ ಕೇಳಿ.