ಎಸ್‌ಡಬ್ಲ್ಯುಆರ್ ಮೀಟರನ್ನು ಎಷ್ಟು ನಂಬಬೇಕು?

ಸಂಜೆ ಹೊತ್ತು 40 ಮೀಟರ್ ಬ್ಯಾಂಡಿಗೆ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಆವರ್ತನಗಳಿಗೆ, ಕಿವಿಗೊಟ್ಟರೆ, ಹ್ಯಾಮ್‌ಗಳ ಮಾತು ಮಳೆ-ಬಿಸಿಲು ಮುಗಿಸಿ ಆಂಟೆನಾಕ್ಕೆ ಬರಲು ತಡವಾಗುವುದಿಲ್ಲ. "ಹೊಸ ಡೈಪೋಲ್ ಕಟ್ಟಿದೆ, ಒನ್ ಈಸ್ ಟು ಒನ್ ಬಂತು!" ಎಂದು ಎರಡು ತೋಳಿನ ತಂತಿ ಆಂಟೆನಾ ಕಟ್ಟಿದ ಒಬ್ಬರು ಹೇಳಿದರೆ ಉಳಿದವರೆಲ್ಲ ಅಭಿನಂದಿಸುತ್ತಾರೆ. ಆ ಸಂಖ್ಯೆ ಹೇಳಿದ್ದು, ಆಂಟೆನಾ ಕೇಬಲಿಗೆ ಎಷ್ಟು ಹೊಂದಿಕೊಂಡಿದೆ ಎಂದು ತಿಳಿಸುವ ಎಸ್‌ಡಬ್ಲ್ಯುಆರ್ ಮೀಟರ್. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವ ಈ ಹ್ಯಾಮ್ ಮಂದಿಯ ಮೇಜಿಗೆ ರಿಗ್‌ನ, ಅಂದರೆ ರೇಡಿಯೋ ಸೆಟ್ಟಿನ, ಹಿಂದೆಯೇ ಬಂದು ಕೂರುವ ಉಪಕರಣ ಅದು. ಆದರೆ ಅದರ ಮುಚ್ಚಳ ತೆಗೆದು ನೋಡಿದರೆ ಎಸ್‌ಡಬ್ಲ್ಯುಆರ್ ಅಳೆಯುವ ಭಾಗವೇ ಅಲ್ಲಿಲ್ಲ. ಎರಡು ಡಯೋಡ್‌ಗಳು ಎರಡು ಪುಟ್ಟ ಡಿಸಿ ವೋಲ್ಟೇಜ್‌ಗಳನ್ನು ಕೊಡುತ್ತವೆ, ಅಷ್ಟೇ. ಮಿಕ್ಕದ್ದೆಲ್ಲ ಲೆಕ್ಕ ಮತ್ತು ನಂಬಿಕೆ. ಆ ನಂಬಿಕೆಗೆ ಆಧಾರ ಒದಗಿಸುವ ಕೆಲಸವೇ ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ಅಳತೆಗೆ ಮೀಟರನ್ನು ತಾಳೆ ಹಾಕಿ ಸರಿಮಾಡುವುದು.

ಟ್ರಾನ್ಸ್‌ಮಿಟರ್‌ನಿಂದ ಹೊರಟ ಶಕ್ತಿ ಕೇಬಲ್ ಹಿಡಿದು ಆಂಟೆನಾ ತಲುಪುತ್ತದೆ. ಆಂಟೆನಾದ ಇಂಪೀಡೆನ್ಸ್ (ರೇಡಿಯೋ ಆವರ್ತನದ ಕರೆಂಟಿಗೆ ಅದು ಒಡ್ಡುವ ತಡೆ) ಕೇಬಲ್‌ನ 50 ಓಮ್‌ಗೆ ಸರಿಹೊಂದದಿದ್ದರೆ ಅದರಲ್ಲೊಂದು ಪಾಲು ವಾಪಸು ಬರುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಸೇರಿ ಕೇಬಲ್ ಉದ್ದಕ್ಕೂ ಕೆಲವು ಕಡೆ ವೋಲ್ಟೇಜ್ ಹೆಚ್ಚು, ಕೆಲವು ಕಡೆ ಕಡಿಮೆ ಆಗುತ್ತದೆ. ಆ ಗರಿಷ್ಠಕ್ಕೂ ಕನಿಷ್ಠಕ್ಕೂ ಇರುವ ಅನುಪಾತವೇ ಎಸ್‌ಡಬ್ಲ್ಯುಆರ್, ಅಂದರೆ ಸ್ಥಾಯಿ ತರಂಗ ಅನುಪಾತ. 100 ವ್ಯಾಟ್ ಹೋಗಿ 4 ವ್ಯಾಟ್ ವಾಪಸು ಬಂದರೆ ಅದು 1.5. 11 ವ್ಯಾಟ್ ಬಂದರೆ 2. 25 ವ್ಯಾಟ್ ಬಂದರೆ 3. ಈಗಿನ ಹೆಚ್ಚಿನ ರಿಗ್‌ಗಳು 2 ಅಥವಾ 3 ದಾಟಿದ ಕೂಡಲೇ ತಾವಾಗಿಯೇ ಪವರ್ ಇಳಿಸಿಕೊಂಡು ಔಟ್‌ಪುಟ್ ಟ್ರಾನ್ಸಿಸ್ಟರ್ ಉಳಿಸಿಕೊಳ್ಳುತ್ತವೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸಗೊಳಿಸಿದ ಬಿಟ್‌ಎಕ್ಸ್‌40ಯಂಥ ಸರಳ ರಿಗ್‌ನಲ್ಲಿ ಆ ಕಾವಲು ಇಲ್ಲ. ಅಲ್ಲಿ ಮೀಟರೇ ಕಾವಲು.

ಹೋಗುವ ಅಲೆಯನ್ನೂ ಬರುವ ಅಲೆಯನ್ನೂ ಒಂದೇ ತಂತಿಯ ಮೇಲೆ ಬೇರ್ಪಡಿಸುವುದು ಹೇಗೆ? ಅಮೆರಿಕದ ಕಾಲಿನ್ಸ್ ರೇಡಿಯೋ ಕಂಪನಿಯ ಎಂಜಿನಿಯರ್ ವಾರೆನ್ ಬ್ರೂನಿ ಇದಕ್ಕೊಂದು ಸೊಗಸಾದ ದಾರಿಯನ್ನು 1959ರಲ್ಲಿ ಹ್ಯಾಮ್‌ಗಳಿಗೆ ವಿವರಿಸಿದರು. ಕೇಬಲ್‌ನ ನಡುತಂತಿಯನ್ನು ಒಂದು ಫೆರೈಟ್ ಉಂಗುರದೊಳಗೆ ಹಾಯಿಸಿ, ಉಂಗುರದ ಮೇಲೆ ಸುತ್ತಿದ ತಂತಿಯಿಂದ ಕರೆಂಟಿನ ಮಾದರಿ ತೆಗೆಯಬೇಕು. ಎರಡು ಕೆಪಾಸಿಟರ್‌ಗಳ ನಡುವಿನಿಂದ ವೋಲ್ಟೇಜಿನ ಮಾದರಿ ತೆಗೆಯಬೇಕು. ಹಿಂದಿರುಗುವ ಅಲೆಯಲ್ಲಿ ಕರೆಂಟಿನ ದಿಕ್ಕು ಉಲ್ಟಾ ಆದರೂ ವೋಲ್ಟೇಜಿಗೆ ಆ ತಿರುವು ಇರುವುದಿಲ್ಲ. ಹೀಗಾಗಿ ಎರಡು ಮಾದರಿಗಳನ್ನು ಕೂಡಿಸಿದರೆ ಹೋಗುವ ಅಲೆ ಮಾತ್ರ, ಕಳೆದರೆ ಬರುವ ಅಲೆ ಮಾತ್ರ ಉಳಿಯುತ್ತದೆ. ಇಂದಿಗೂ ಅನೇಕ ಮೀಟರ್‌ಗಳ ಒಳಗಿರುವುದು ಇದೇ ಸರ್ಕ್ಯೂಟ್.

ಆದರೆ ಕಳೆದಾಗ ಸೊನ್ನೆ ಬರಬೇಕಾದರೆ ಎರಡು ಮಾದರಿಗಳೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಸಮನಾಗಿರಬೇಕು. ಸಾಮಾನು ತೂಗುವ ಮೊದಲು ಖಾಲಿ ತಕ್ಕಡಿಯ ಮುಳ್ಳು ಮಧ್ಯದಲ್ಲಿದೆಯೇ ಎಂದು ನೋಡುವ ಹಾಗೆ, ಇಲ್ಲಿ ಮೊದಲು ಮಾಡಬೇಕಾದ್ದು ಈ ಸೊನ್ನೆಯ ಪರೀಕ್ಷೆ. ಅದಕ್ಕೆ ಒಂದು ಒಳ್ಳೆಯ 50 ಓಮ್ ಡಮ್ಮಿ ಲೋಡ್, ಅಂದರೆ ಆಂಟೆನಾದ ಬದಲು ಶಕ್ತಿಯನ್ನು ಶಾಖವಾಗಿಸುವ ರೆಸಿಸ್ಟರ್, ಬೇಕು. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ 1 ಕಿಲೋಓಮ್‌ನ, 2 ವ್ಯಾಟ್‌ನ ಮೆಟಲ್ ಆಕ್ಸೈಡ್ ರೆಸಿಸ್ಟರ್ 20 ಕೊಂಡು ಎಲ್ಲವನ್ನೂ ಸಮಾಂತರವಾಗಿ ಬೆಸುಗೆ ಹಾಕಿದರೆ 50 ಓಮ್, 40 ವ್ಯಾಟ್ ಆಯಿತು. ತಂತಿ ಸುತ್ತಿದ ರೆಸಿಸ್ಟರ್ ಬೇಡ. ರೇಡಿಯೋ ಆವರ್ತನದಲ್ಲಿ ಅದು ರೆಸಿಸ್ಟರ್ ಅನ್ನಿಸಿಕೊಳ್ಳದೆ ಕಾಯಿಲ್ ಆಗಿಬಿಡುತ್ತದೆ.

ಲೋಡನ್ನು ಮೀಟರಿನ ಆಂಟೆನಾ ಬದಿಗೆ ಕಟ್ಟಿ, ರಿಗ್ಗನ್ನು ಮೋರ್ಸ್ ಮೋಡ್‌ಗೆ ಹಾಕಿ ಕೀ ಒತ್ತಿ. ಮೀಟರನ್ನು ರಿಫ್ಲೆಕ್ಟೆಡ್ (ಬರುವ ಅಲೆಯ) ಕಡೆಗೆ ತಿರುಗಿಸಿ, ಒಳಗಿನ ಟ್ರಿಮ್ಮರ್ ಕೆಪಾಸಿಟರನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ನಿಧಾನವಾಗಿ ತಿರುಗಿಸುತ್ತಾ ಹೋದರೆ ಮುಳ್ಳು ಇಳಿಯುತ್ತಾ ಬಂದು ಒಂದು ಕಡೆ ಕೆಳಗೆ ಮುಟ್ಟಿ ಮತ್ತೆ ಏರುತ್ತದೆ. ಆ ಕೆಳಬಿಂದುವೇ ಬೇಕಾದ ಜಾಗ. ಆಮೇಲೆ ರಿಗ್ ಮತ್ತು ಲೋಡ್‌ಗಳ ಕೇಬಲ್ ಅದಲುಬದಲು ಮಾಡಿ, ಈ ಸಲ ಫಾರ್ವರ್ಡ್ (ಹೋಗುವ ಅಲೆಯ) ಕಡೆ ಸೊನ್ನೆ ಬರುತ್ತದೆಯೇ ನೋಡಬೇಕು. ಕೊನೆಗೆ 100 ಓಮ್ ಲೋಡ್ ಒಂದು, 25 ಓಮ್ ಲೋಡ್ ಒಂದು ಹಾಕಿ ನೋಡಿ. ಎರಡಕ್ಕೂ ಮೀಟರ್ 2 ಎನ್ನಬೇಕು. ಒಂದಕ್ಕೆ 1.7, ಇನ್ನೊಂದಕ್ಕೆ 2.4 ಎಂದರೆ ಸಮತೋಲ ಇನ್ನೂ ಬಂದಿಲ್ಲವೆಂದೇ ಅರ್ಥ.

ಈ ಸಮತೋಲ ಎಷ್ಟು ಮುಖ್ಯ ಎಂಬುದನ್ನು ಅಂಕಿಗಳೇ ಹೇಳುತ್ತವೆ. ಮೀಟರಿನೊಳಗೆ ಹೋಗುವ ಅಲೆಯ ನೂರರಲ್ಲೊಂದು ಪಾಲು ಶಕ್ತಿ ರಿಫ್ಲೆಕ್ಟೆಡ್ ಕಡೆಗೆ ಸೋರುತ್ತಿದೆ ಎಂದುಕೊಳ್ಳಿ. ತೀರಾ ಸಣ್ಣದೆನಿಸುವ ಸೋರಿಕೆ. ಆದರೆ ನಿಜವಾಗಿ 1.5 ಇರುವ ಆಂಟೆನಾವನ್ನು ಆ ಮೀಟರ್ 1.2 ಎಂದೂ ತೋರಿಸಬಹುದು, 1.9ರ ಹತ್ತಿರವೂ ತೋರಿಸಬಹುದು. ಸೋರಿದ ಅಲೆ ನಿಜವಾದ ಪ್ರತಿಫಲನದೊಡನೆ ಕೂಡಿಕೊಳ್ಳುತ್ತದೋ ಕಳೆದುಕೊಳ್ಳುತ್ತದೋ ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ. 1.3ನ್ನು 1.1 ಮಾಡಲು ಹಗ್ಗ ಹಿಡಿದು ಇಡೀ ಭಾನುವಾರ ಒದ್ದಾಡುವವರನ್ನು ಕಂಡಾಗಲೆಲ್ಲ, ಇವರು ಆಂಟೆನಾ ಬಿಟ್ಟು ಮೊದಲು ಮೀಟರಿನ ಸೊನ್ನೆ ನೋಡಬಾರದೇ ಅನ್ನಿಸುತ್ತದೆ.

ಇನ್ನು ವ್ಯಾಟ್‌ಗಳ ಲೆಕ್ಕ. 50 ಓಮ್‌ನ ಒಂದು ಅನುಕೂಲವೆಂದರೆ, ಶಿಖರ ವೋಲ್ಟೇಜನ್ನು ಅದರಿಂದಲೇ ಗುಣಿಸಿ 100ರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಲೋಡಿನ ಮೇಲೆ 10 ವೋಲ್ಟ್ ಶಿಖರ ಇದ್ದರೆ 1 ವ್ಯಾಟ್, 100 ವೋಲ್ಟ್ ಇದ್ದರೆ 100 ವ್ಯಾಟ್. ಶಿಖರ ಅಳೆಯಲು ಒಂದು 1ಎನ್5711 ಡಯೋಡ್, ಒಂದು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್, ಎಲ್ಲರ ಬಳಿಯೂ ಇರುವ ಡಿಜಿಟಲ್ ಮಲ್ಟಿಮೀಟರ್ ಸಾಕು. ಬಿಟ್‌ಎಕ್ಸ್‌40 ಕೊಡುವ 7 ವ್ಯಾಟ್‌ಗೆ ಶಿಖರ ಸುಮಾರು 26.5 ವೋಲ್ಟ್. ಡಯೋಡ್ ತನ್ನ ಪಾಲಿಗೆ 0.3 ವೋಲ್ಟ್ ತಿನ್ನುವುದರಿಂದ ಮಲ್ಟಿಮೀಟರ್ 26.2ರ ಆಸುಪಾಸು ತೋರಿಸುತ್ತದೆ. ಒಂದು ಎಚ್ಚರಿಕೆ: ಕೆಪಾಸಿಟರ್ ಶಿಖರವನ್ನು ಹಿಡಿದಿಟ್ಟುಕೊಂಡಿರುವಾಗಲೇ ಅಲೆ ಉಲ್ಟಾ ದಿಕ್ಕಿಗೆ ಹೋಗುವುದರಿಂದ ಡಯೋಡ್ ಮೇಲೆ ಶಿಖರದ ಎರಡರಷ್ಟು ವೋಲ್ಟೇಜ್ ಬೀಳುತ್ತದೆ. 1ಎನ್5711 ತಡೆಯುವುದು 70 ವೋಲ್ಟ್. 10 ವ್ಯಾಟ್‌ಗೇ ಅದು 63 ಆಗುತ್ತದೆ. ಅದಕ್ಕಿಂತ ಹೆಚ್ಚಿನ ಪವರ್ ಅಳೆಯುವುದಾದರೆ ರೆಸಿಸ್ಟರ್‌ಗಳಿಂದ ವೋಲ್ಟೇಜ್ ಹಂಚಿ ಒಂದು ಭಾಗವನ್ನಷ್ಟೇ ಡಯೋಡಿಗೆ ಕೊಡಬೇಕು.

ಹೀಗೆ 1, 2, 5, 10 ವ್ಯಾಟ್‌ಗಳನ್ನು ಗೊತ್ತುಮಾಡಿಕೊಂಡು ಮೀಟರಿನ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆಂದು ಗುರುತು ಹಾಕಿಕೊಳ್ಳಬಹುದು. ಗುರುತುಗಳು ಸಮದೂರದಲ್ಲಿ ಬರುವುದಿಲ್ಲ.  ಮಾತಾಡುತ್ತಾ ಅಳೆಯುವ ಪ್ರಯತ್ನ ಬೇಡ. ಹ್ಯಾಮ್‌ಗಳು ಮಾತು ಕಳಿಸಲು ಬಳಸುವ ಎಸ್‌ಎಸ್‌ಬಿ ವಿಧಾನದಲ್ಲಿ ದನಿಯ ಶಿಖರಗಳನ್ನು ಹಿಂಬಾಲಿಸುವಷ್ಟು ವೇಗ ಮುಳ್ಳಿಗಿಲ್ಲ.

ವ್ಯಾಟ್‌ನಲ್ಲಿ ಶೇಕಡಾ 10ರಷ್ಟು ತಪ್ಪು ಬಂದರೆ ನನಗೇನೂ ಬೇಸರವಿಲ್ಲ. ಅದು ಅರ್ಧ ಡೆಸಿಬೆಲ್ (ಶಕ್ತಿಯ ಏರಿಳಿತ ಹೇಳುವ ಮಾನ) ಕೂಡ ಅಲ್ಲ. ಆ ಕಡೆ ಕೇಳುವವರಿಗೆ ಗೊತ್ತಾಗುವುದೇ ಇಲ್ಲ. ವೃತ್ತಿಪರರು ಬಳಸುವ ಬರ್ಡ್ 43 ವ್ಯಾಟ್‌ಮೀಟರಿನ ನಿಖರತೆಯೂ ಪೂರ್ಣ ಸ್ಕೇಲಿನ ಶೇಕಡಾ 5. ಅಂದರೆ 100 ವ್ಯಾಟ್ ಸ್ಕೇಲಿನಲ್ಲಿ ಮುಳ್ಳು 10ರ ಮೇಲಿದ್ದರೆ ನಿಜವಾದ ಪವರ್ 5ರಿಂದ 15ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸಣ್ಣ ಪವರಿಗೆ ಸಣ್ಣ ಸ್ಕೇಲನ್ನೇ ಬಳಸಬೇಕು.

ಸಣ್ಣ ಪವರಿನಲ್ಲಿ ಇದಕ್ಕಿಂತ ದೊಡ್ಡ ಮೋಸವೊಂದಿದೆ. 5 ವ್ಯಾಟ್ ಹೋಗುತ್ತಿದೆ, ಎಸ್‌ಡಬ್ಲ್ಯುಆರ್ 1.5 ಇದೆ ಎನ್ನಿ. ವಾಪಸು ಬರುವುದು 0.2 ವ್ಯಾಟ್. ಮೀಟರಿನೊಳಗೆ ಮಾದರಿ ತೆಗೆಯುವ ಭಾಗ (ಕಪ್ಲರ್) ನೂರರಲ್ಲೊಂದು ಪಾಲು ತೆಗೆಯುವುದಾದರೆ ಡಯೋಡ್ ತಲುಪುವುದು 2 ಮಿಲಿವ್ಯಾಟ್, ಅಂದರೆ 0.45 ವೋಲ್ಟ್ ಶಿಖರ. 1ಎನ್4148ನಂಥ ಸಿಲಿಕಾನ್ ಡಯೋಡ್ ಚೆನ್ನಾಗಿ ಹಾಯಲು ಸುಮಾರು 0.6 ವೋಲ್ಟ್ ಬೇಕು. ಹಾಗಾಗಿ ಮುಳ್ಳು ಹೆಚ್ಚುಕಡಿಮೆ ಕದಲುವುದೇ ಇಲ್ಲ, ನೋಡಿದವರು "ಒನ್ ಈಸ್ ಟು ಒನ್" ಎಂದು ಬರೆದುಕೊಳ್ಳುತ್ತಾರೆ. ಪವರ್ ಏರಿಸಿದಾಗ ಎಸ್‌ಡಬ್ಲ್ಯುಆರ್ ಕೂಡ ಏರಿದರೆ ಸಾಮಾನ್ಯವಾಗಿ ಈ ಡಯೋಡೇ ಕಾರಣ. ಜರ್ಮೇನಿಯಂ ಅಥವಾ ಶಾಟ್‌ಕಿ ಡಯೋಡ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ.

ಮೀಟರ್ ಸರಿಯಾದ ಮೇಲೆ ಆಂಟೆನಾ. 7.1 ಮೆಗಾಹರ್ಟ್ಸ್‌ಗೆ ಡೈಪೋಲ್ ಸುಮಾರು 20 ಮೀಟರ್. ಎರಡು ತೆಂಗಿನ ಮರಗಳ ನಡುವೆ ಕಟ್ಟಿ, ಬ್ಯಾಂಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಳೆಯುತ್ತಾ ಬನ್ನಿ. ಕನಿಷ್ಠ ಬಿಂದು ಬೇಕಾದ್ದಕ್ಕಿಂತ ಕೆಳಗಿನ ಆವರ್ತನದಲ್ಲಿದ್ದರೆ ತಂತಿ ಉದ್ದವಾಗಿದೆ. ಒಟ್ಟು 20 ಸೆಂಟಿಮೀಟರ್ ಕತ್ತರಿಸಿದರೆ ಅದು ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ. ಸಾಕಷ್ಟು ಎತ್ತರದಲ್ಲಿ ನೇರವಾಗಿ ಎಳೆದ ಡೈಪೋಲಿನ ಇಂಪೀಡೆನ್ಸ್ 73 ಓಮ್ ಆಸುಪಾಸು ಇರುವುದರಿಂದ, ಎಲ್ಲವೂ ಸರಿಯಿದ್ದರೂ ಮೀಟರ್ 1.5 ಎನ್ನುತ್ತದೆ. ಅದನ್ನು ಹಾಗೆಯೇ ಬಿಡಿ. 2 ಇದ್ದರೂ 20 ಮೀಟರ್ ಆರ್‌ಜಿ-58 ಕೇಬಲಿನಲ್ಲಿ ಹೆಚ್ಚುವರಿ ನಷ್ಟ ಒಂದು ಡೆಸಿಬೆಲಿನ ಐದನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಡಮ್ಮಿ ಲೋಡ್ ಸದಾ 1 ತೋರಿಸುತ್ತದೆ, ಆದರೆ ಅದರಿಂದ ಪಕ್ಕದ ಬೀದಿಗೂ ಮಾತು ತಲುಪುವುದಿಲ್ಲ.

ಇನ್ನೂ ಮೇಲಿನ ಆವರ್ತನಗಳಾದ ವಿಎಚ್‌ಎಫ್‌ನಲ್ಲಿ ಕಡಿಮೆ ಎಸ್‌ಡಬ್ಲ್ಯುಆರ್ ಕಂಡರೆ ಇನ್ನಷ್ಟು ಅನುಮಾನ ಬೇಕು. 145 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-58 ಸುಮಾರು 6 ಡೆಸಿಬೆಲ್ ನುಂಗುತ್ತದೆ. ಮೇಲೆ ಆಂಟೆನಾ ಕಳಚಿ ಬಿದ್ದಿದ್ದರೂ, ತುದಿಯಿಂದ ಪೂರ್ತಿ ವಾಪಸಾದ ಅಲೆ ಇಳಿದು ಬರುವಾಗ ಇನ್ನೊಂದು 6 ಡೆಸಿಬೆಲ್ ಕಳೆದುಕೊಂಡು, ಮೇಜಿನ ಮೇಲಿನ ಮೀಟರಿಗೆ 1.7 ಎಂದು ಕಾಣುತ್ತದೆ. ಕೇಬಲಿನೊಳಗೆ ನೀರು ಇಳಿದರೆ ನಷ್ಟ ಹೆಚ್ಚುತ್ತದೆ, ಎಸ್‌ಡಬ್ಲ್ಯುಆರ್ ಇನ್ನೂ "ಸುಧಾರಿಸುತ್ತದೆ". ಮಲೆನಾಡು, ಕರಾವಳಿಯ ಹ್ಯಾಮ್‌ಗಳು ಜೂನ್ ಕಳೆದ ಮೇಲೆ ಎಸ್‌ಡಬ್ಲ್ಯುಆರ್ ತಾನಾಗಿ ಇಳಿದದ್ದು ಕಂಡರೆ ಖುಷಿಪಡದೆ ಏಣಿ ಹತ್ತಬೇಕು.

ಇದನ್ನು ಪರೀಕ್ಷಿಸಲು ಈಗ ನ್ಯಾನೋವಿಎನ್ಎ ಎಂಬ ಅಗ್ಗದ ಪುಟ್ಟ ಉಪಕರಣವಿದೆ. ಅದಕ್ಕೆ ಓಪನ್, ಶಾರ್ಟ್, 50 ಓಮ್ ಲೋಡ್ ಮೂರನ್ನೂ ತೋರಿಸಿ ಕ್ಯಾಲಿಬ್ರೇಟ್ ಮಾಡಿ, ರಿಗ್ ಕಳಚಿ ಆ ಜಾಗದಲ್ಲಿ ಅದನ್ನು ಜೋಡಿಸಿ, ಕೇಬಲಿನ ಮೇಲ್ತುದಿಯನ್ನು ಆಂಟೆನಾದಿಂದ ಬಿಡಿಸಿ ಖಾಲಿ ಬಿಡಿ. ಬಂದ ರಿಟರ್ನ್ ಲಾಸ್‌ನ (ವಾಪಸು ಬಂದ ಅಲೆ ಹೋದದ್ದಕ್ಕಿಂತ ಎಷ್ಟು ಡೆಸಿಬೆಲ್ ಕಡಿಮೆ ಎಂಬುದರ) ಅರ್ಧವೇ ಕೇಬಲಿನ ನಷ್ಟ. ಹೊಸ ಕೇಬಲ್ ಎಳೆದ ದಿನವೇ ಆ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಬರೆದಿಡಿ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆದಾಗ 1 ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೇಲಿನ ಕನೆಕ್ಟರ್ ಬಿಚ್ಚಿ, ಒಳಗಿನ ತಾಮ್ರದ ಜಾಲರಿ ಕಪ್ಪಾಗಿದೆಯೇ, ಹಸಿರುಗಟ್ಟಿದೆಯೇ ನೋಡಿ. ಕಂಡರೆ ಅಷ್ಟು ಉದ್ದ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ಸ್ವಯಂ ಅಂಟಿಕೊಳ್ಳುವ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ.